ಭದ್ರತಾ ಸಂಸ್ಥೆಗಳ ಮುಖ್ಯಸ್ಥರಿಗೆ ಹ್ಯಾಕರ್‌ಗಳೇ ಅತಿ ದೊಡ್ಡ ಸವಾಲೇ?

ರಾಷ್ಟ್ರೀಯ ಭದ್ರತಾ ಸಂಸ್ಥೆಗಳ ಮುಖ್ಯಸ್ಥರಿಗೆ ಮಾಹಿತಿ ತಂತ್ರಜ್ಞಾನದಲ್ಲಿ ಎದುರಾಗುವ ಅತಿ ದೊಡ್ಡ ಸವಾಲು ಹ್ಯಾಕರ್‌ಗಳೇ ಎಂದು ತಾವು ಕೇಳಿದ್ದೀರಿ. ಹ್ಯಾಕರ್‌ಗಳ ಕಾಟ ಇದ್ದೇ ಇದೆ. ಆದರೆ ಬೇರೆ ಬೇರೆ ಕಚೇರಿಗಳಲ್ಲಿ ಈಗಾಗಲೇ ಇರುವ ಮಾಹಿತಿಯನ್ನು ಒಂದೆಡೆ ತಂದು ತಾಳೆ ನೋಡುವುದು ಅದಕ್ಕಿಂತ ಕಷ್ಟದ ಕೆಲಸ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಾನು ಗುಪ್ತಚರ ಇಲಾಖೆಯವನಲ್ಲ. ತುಮಕೂರಿನ ಒಂದು ಕಚೇರಿಯಲ್ಲಿ ಹಲವು ವರ್ಷ ಕಂಪ್ಯೂಟರ್ ದಾಖಲೆಗಳನ್ನು ನೋಡಿಕೊಂಡವನು.

2014ರ ನವೆಂಬರ್ 1ರಂದು ನಮ್ಮೂರಿನ ಹೆಸರು ಇಂಗ್ಲಿಷ್ ಬರಹದಲ್ಲೂ ‘ತುಮಕೂರು’ ಎಂದಾಯಿತು. ಹಳೆಯ ದಾಖಲೆಗಳಲ್ಲಿ ‘ಟುಮ್ಕೂರ್’ ಹಾಗೆಯೇ ಉಳಿಯಿತು. ಎರಡು ಪಟ್ಟಿಗಳನ್ನು ಸೇರಿಸಲು ಕುಳಿತರೆ ಒಂದರಲ್ಲಿ ‘ಎನ್. ಮಂಜುನಾಥ’, ಇನ್ನೊಂದರಲ್ಲಿ ‘ಮಂಜುನಾಥ ನಂಜಪ್ಪ’ ಎಂದಿರುತ್ತಿತ್ತು. ಹುಟ್ಟಿದ ದಿನಾಂಕ ನೋಡಿ ಗುರುತಿಸೋಣವೆಂದರೆ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಜೂನ್ 1 ಊರಿನ ಎಷ್ಟೋ ಜನರ ಜನ್ಮದಿನವಾಗಿರುತ್ತಿತ್ತು. ಕಂಪ್ಯೂಟರ್ ಒಬ್ಬರನ್ನು ಇಬ್ಬರೆಂದೂ ಇಬ್ಬರನ್ನು ಒಬ್ಬರೆಂದೂ ಎಣಿಸುತ್ತಿತ್ತು. ನಮ್ಮಲ್ಲಿ ಅದರಿಂದ ಒಂದು ಅರ್ಜಿ ತಡವಾಗುತ್ತಿತ್ತು, ಅಷ್ಟೇ. ಭದ್ರತೆಯ ವಿಷಯದಲ್ಲಿ ಅದೇ ತಪ್ಪು ನಿರಪರಾಧಿಯೊಬ್ಬನನ್ನು ಶಂಕಿತರ ಪಟ್ಟಿಗೆ ಸೇರಿಸಬಲ್ಲದು. 2008ರ ಮುಂಬೈ ದಾಳಿಯ ನಂತರ ನಮ್ಮ ದೇಶದಲ್ಲಿ ರೂಪುಗೊಂಡ ಗುಪ್ತಚರ ಮಾಹಿತಿ ಜಾಲವಾದ ನ್ಯಾಟ್‌ಗ್ರಿಡ್‌ನಂತಹ ವ್ಯವಸ್ಥೆಯು ಪ್ರಯಾಣ, ಬ್ಯಾಂಕು, ವಲಸೆ ಮುಂತಾದ ದಾಖಲೆಗಳನ್ನು ಬೆಸೆಯಲು ಹೊರಟಾಗ ಎದುರಿಸಬೇಕಾದದ್ದು ಇದೇ ತೊಡಕನ್ನು, ಇನ್ನೂ ದೊಡ್ಡ ಪ್ರಮಾಣದಲ್ಲಿ.

ಮಾಹಿತಿ ಸರಿಯಿದ್ದರೂ ಅದು ಕೈಬದಲಾಗಬೇಕಲ್ಲ. 2001ರ ಸೆಪ್ಟೆಂಬರ್ 11ರ ದಾಳಿಕೋರರಲ್ಲಿ ಒಬ್ಬನಾದ ಖಾಲಿದ್ ಅಲ್-ಮಿಹ್ದಾರ್ ಬಳಿ ಅಮೆರಿಕದ ವೀಸಾ ಇದೆಯೆಂಬುದು ಆ ದೇಶದ ಗುಪ್ತಚರ ಸಂಸ್ಥೆ ಸಿಐಎಗೆ 2000ದ ಜನವರಿಯಲ್ಲೇ ತಿಳಿದಿತ್ತು. ಆದರೂ ಅವನ ಹೆಸರು ನಿಗಾ ಪಟ್ಟಿಗೆ ಸೇರಿದ್ದು 2001ರ ಆಗಸ್ಟ್‌ನಲ್ಲಿ. ಆ ಪಾಠ ಕಲಿತ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಹೊಸ ಪ್ರಕರಣ ನಿರ್ವಹಣಾ ತಂತ್ರಾಂಶಕ್ಕೆ ಸುಮಾರು 17 ಕೋಟಿ ಡಾಲರ್ ಸುರಿದು, ಏನು ಬೇಕೆಂಬುದನ್ನೇ ಪದೇ ಪದೇ ಬದಲಿಸುತ್ತ, 2005ರಲ್ಲಿ ಅದನ್ನು ಕೈಬಿಟ್ಟಿತು. ಬದಲಿ ವ್ಯವಸ್ಥೆ ಪೂರ್ಣವಾಗಿ ಬಳಕೆಗೆ ಬಂದದ್ದು 2012ರಲ್ಲಿ. ಏನು ಬೇಕೆಂದು ನಿರ್ಧರಿಸುವ ಹೊಣೆಯನ್ನು ಮುಖ್ಯಸ್ಥರು ಗುತ್ತಿಗೆದಾರರಿಗೆ ಬಿಡಬಾರದೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಬೆಸೆದ ಮಾಹಿತಿಗೆ ಬೇರೊಂದು ಅಪಾಯವೂ ಉಂಟು. 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಅಮೆರಿಕದ ಬೇಹುಗಾರಿಕೆ ಸಂಸ್ಥೆಯಾದ ಎನ್‌ಎಸ್‌ಎ ಕಡತಗಳನ್ನು ಹೊರತಂದದ್ದು ಹೊರಗಿನಿಂದ ನುಗ್ಗಿ ಅಲ್ಲ, ಗುತ್ತಿಗೆ ನೌಕರನಾಗಿ ಒಳಗೇ ಇದ್ದುಕೊಂಡು. ಆದ್ದರಿಂದ ಹಂಚಿಕೊಳ್ಳುವ ಆದೇಶಕ್ಕೆ ಸಹಿ ಹಾಕುವ ದಿನವೇ, ಯಾರು ಯಾವ ಕಡತವನ್ನು ಯಾವಾಗ ತೆರೆದರೆಂಬ ದಾಖಲೆಯನ್ನು ಪ್ರತಿ ವಾರ ಯಾರು ಓದಬೇಕೆಂಬುದನ್ನೂ ಮುಖ್ಯಸ್ಥರು ಬರೆದಿಡಬೇಕು.