ಮಡಚುವ ಚಾಕುವಿನಲ್ಲಿ ಯಾವುದು ಯಾರಿಂದ ಬಂದದ್ದು?

ಅಲಗಿನಲ್ಲಿ ದುಂಡನೆಯ ತೂತು, ಅಲಗಿನ ಬೆನ್ನ ಮೇಲೆ ಪುಟ್ಟ ಕೊಕ್ಕೆ, ಹಿಡಿಯ ಎರಡೂ ಬದಿಗೆ ಲಾಕಿನ ಗುಂಡಿ. ನಿಮ್ಮ ಈ ಮಡಚುವ ಚಾಕು ಯಾವ ಕಂಪನಿಯ ನಕಲು ಅಂತ ಕೇಳಿದ್ದೀರಿ. ಒಬ್ಬರದ್ದಲ್ಲ, ಮೂವರ ಮನೆಯಿಂದ ಎರವಲು ತಂದಿದ್ದಾರೆ.

ಮೊದಲು ತೂತು. 1981ರಲ್ಲಿ ಅಮೆರಿಕದ ಸ್ಪೈಡರ್ಕೋ ಕಂಪನಿ ವರ್ಕರ್ ಅನ್ನೋ ಚಾಕು ತಂದಿತು. ತೂತಿಗೆ ಹೆಬ್ಬೆರಳು ಒತ್ತಿ ಒಂದೇ ಕೈಯಲ್ಲಿ ತೆರೆಯಬಹುದಿತ್ತು. ಜೇಬಿಗೆ ಸಿಕ್ಕಿಸುವ ಕ್ಲಿಪ್ಪೂ ಅದರಲ್ಲಿತ್ತು. ಕ್ಲಿಪ್ ಈಗ ಎಲ್ಲರ ಸೊತ್ತು. ದುಂಡು ತೂತು ಮಾತ್ರ ಅವರ ಟ್ರೇಡ್‌ಮಾರ್ಕ್. ಬೇರೆಯವರ ಚಾಕುಗಳಲ್ಲಿ ಉದ್ದನೆಯ ಸೀಳೋ ಮೊಟ್ಟೆಯಾಕಾರದ ತೂತೋ ಜಾಸ್ತಿ ಕಾಣುವುದು ಅದಕ್ಕೇ.

ಎರಡು ಬದಿಯ ಗುಂಡಿ ಅಂದರೆ ಒಳಗೆ ಒಂದು ಅಡ್ಡ ಸರಳಿದೆ. ಎರಡು ತೆಳು ಸ್ಪ್ರಿಂಗ್ ಅದನ್ನು ಅಲಗಿನ ಬುಡಕ್ಕೆ ಒತ್ತಿ ಹಿಡಿಯುತ್ತವೆ. ಇದು ಮೆಕ್‌ಹೆನ್ರಿ ಮತ್ತು ವಿಲಿಯಮ್ಸ್ ಅನ್ನೋ ಇಬ್ಬರು ಚಾಕು ತಯಾರಕರು ಮಾಡಿದ್ದು. 1998ರಲ್ಲಿ ಬೆಂಚ್‌ಮೇಡ್ ಕಂಪನಿಯ 710 ಅನ್ನೋ ಚಾಕುವಿನಲ್ಲಿ ಆಕ್ಸಿಸ್ ಲಾಕ್ ಅಂತ ಬಂತು. ಪೇಟೆಂಟ್ ಅವಧಿ ಮುಗಿದ ಮೇಲೆ ಬೇರೆ ಬೇರೆ ಹೆಸರಲ್ಲಿ ಎಲ್ಲರೂ ಹಾಕತೊಡಗಿದರು. ಇದನ್ನು ಕಳ್ಳತನ ಅನ್ನೋಕಾಗಲ್ಲ. ಬೇರೆಯವರ ಹೆಸರು, ಮುದ್ರೆ ಕೆತ್ತಿ ಮಾರಿದರೆ ಅದು ಖೋಟಾ.

ಹಾಗೆ ನೋಡಿದರೆ 'ಅಸಲಿ' ಅನ್ನುವುದಕ್ಕೂ ಅಜ್ಜ ಇರ್ತಾನೆ. ಹಿಡಿಯ ಒಳತಗಡು ಬಾಗಿ ಬಂದು ಅಲಗಿಗೆ ಅಡ್ಡ ನಿಲ್ಲುವ ಲೈನರ್ ಲಾಕ್ ಅಂದರೆ ಎಲ್ಲರೂ ಚಾಕು ತಯಾರಕ ಮೈಕಲ್ ವಾಕರ್ ಹೆಸರು ಹೇಳುತ್ತಾರೆ. ಅವರು ಅದನ್ನು ಮಾಡಿದ್ದು 1980ರ ದಶಕದ ಆರಂಭದಲ್ಲಿ. ಆದರೆ ತಗಡಿನಿಂದ ಲಾಕ್ ಮಾಡುವುದಕ್ಕೆ 1906ರಲ್ಲೇ ಪೇಟೆಂಟ್ ಇತ್ತು, ಎಲೆಕ್ಟ್ರಿಷಿಯನ್ನರ ಚಾಕುಗಳಲ್ಲಿ ಬಳಕೆಯೂ ಇತ್ತು. ವಾಕರ್ ಹಿಡಿಯ ಬೆನ್ನಿನ ಸ್ಪ್ರಿಂಗ್ ತೆಗೆದುಹಾಕಿದರು. ಮಡಚಿದ ಅಲಗು ತಾನಾಗಿ ತೆರೆದುಕೊಳ್ಳದಂತೆ ತಗಡಿಗೆ ಒಂದು ಪುಟ್ಟ ಗುಂಡು ಕೂರಿಸಿದರು. ಎರವಲು ತಂದು ಬೆಳೆಸುವುದು ಅಂದರೆ ಇದು.

ಇನ್ನು ಕೊಕ್ಕೆ. ನನಗೆ ಇದರ ಮೇಲೇ ಕಣ್ಣು. ಇದು ಚಾಕು ತಯಾರಕ ಅರ್ನೆಸ್ಟ್ ಎಮರ್ಸನ್ ಅವರ 'ವೇವ್'. ಚಾಕು ಹೊರಗೆಳೆಯುವಾಗ ಕೊಕ್ಕೆ ಜೇಬಿನ ಅಂಚಿಗೆ ಸಿಕ್ಕಿಕೊಂಡು ಅಲಗು ತಾನೇ ತೆರೆಯುತ್ತದೆ. ಹಾಗಾಗಬೇಕಾದರೆ ತಿರುಗಣೆಯ (ಅಲಗು ತಿರುಗುವ ಕೀಲಿನ) ಕಡೆ ಜೇಬಿನ ತಳದಲ್ಲಿರಬೇಕು, ಅಂದರೆ ಕ್ಲಿಪ್ ಹಿಡಿಯ ಬಾಲದ ಕಡೆ ಇರಬೇಕು. ನಾನು ಒಮ್ಮೆ ಕೊಕ್ಕೆಯ ಚಾಕು ಕೊಂಡು ಹತ್ತು ಸಲ ಎಳೆದೆ, ಅಲಗು ಅಲುಗಲೇ ಇಲ್ಲ. ನನ್ನ ಕೈಯದೇ ತಪ್ಪು ಅಂದುಕೊಂಡೆ. ಆಮೇಲೆ ನೋಡಿದರೆ ಕ್ಲಿಪ್ ಇದ್ದದ್ದು ತಿರುಗಣೆಯ ಪಕ್ಕದಲ್ಲಿ! ಕೊಕ್ಕೆ ಮೊದಲಿನಿಂದಲೂ ಜೇಬಿನ ಬಾಯಿಯ ಹತ್ತಿರವೇ ಸುಮ್ನೆ ಕೂತಿತ್ತು. ಆಕಾರ ನೋಡಿ ತಂದಿದ್ದಾರೆ, ಕೆಲಸ ನೋಡಿಲ್ಲ. ಸ್ಕ್ರೂ ಬಿಚ್ಚಿ ಕ್ಲಿಪ್ಪನ್ನು ಬಾಲದ ತುದಿಗೆ ಹಾಕೋಣ ಅಂದರೆ ಅಲ್ಲಿ ಸ್ಕ್ರೂಗೆ ತೂತೇ ಕೊರೆದಿಲ್ಲ.

ಅಲಗಿನ ತೂತಿಗೂ ಇದೇ ಕಣ್ಣು ಬಿಡಿ. ಚಾಕು ಮಡಚಿ ಹೆಬ್ಬೆರಳು ಇಟ್ಟು ನೋಡಿ. ಹಿಡಿಯ ಅಂಚು ತೂತಿನ ಅರ್ಧ ಭಾಗ ಮುಚ್ಚಿ ಬೆರಳಿಗೆ ಹಿಡಿತವೇ ಸಿಗದಿದ್ದರೆ ಅದೂ ಬರೀ ಅಲಂಕಾರ ಅಲ್ವಾ? ನಿಮ್ಮದರಲ್ಲಿ ಕ್ಲಿಪ್ ಯಾವ ತುದಿಗಿದೆ? ಅದೊಂದು ತಿಳಿಸಿ, ಕೊಕ್ಕೆ ಕೆಲಸದ್ದೋ ಶೋಕಿಗೋ ಹೇಳ್ತೀನಿ.