ನಾಯಿ ಗಾತ್ರದ ಜೇಡ ನಿಜವಾಗ್ಲೂ ಇತ್ತಾ?

ಪ್ರಶ್ನೆ: ಸರ್, ನನ್ ಮಗ ಆರನೇ ಕ್ಲಾಸು. ಯಾವ್ದೋ ರೀಲ್ಸ್ ನೋಡ್ಕೊಂಡು, ಡೈನೋಸಾರ್‌ಗಿಂತ ಮುಂಚೆ ಹದ್ದಿನಷ್ಟು ದೊಡ್ಡ ಏರೋಪ್ಲೇನ್ ಚಿಟ್ಟೆ, ನಾಯಿ ಗಾತ್ರದ ಜೇಡ ಎಲ್ಲಾ ಇದ್ವಂತೆ, ಆಗ ಗಾಳಿಲಿ ಆಕ್ಸಿಜನ್ ಜಾಸ್ತಿ ಇತ್ತಂತೆ ಅಂತ ದಿನಾ ತಲೆ ತಿಂತಾನೆ. ಜಿರಲೆಗೆ ಆಕ್ಸಿಜನ್ ಕೊಟ್ಟು ಸಾಕಿದ್ರೆ ಬೆಕ್ಕಿನಷ್ಟಾಗತ್ತಾ ಅನ್ನೋದು ಈಗಿನ ಹೊಸ ಡೌಟು. ಇದ್ರಲ್ಲಿ ನಿಜ ಎಷ್ಟು? (ತುಮಕೂರಿನಿಂದ ಒಬ್ಬ ತಾಯಿ)

ಉತ್ತರ: ಮೇಡಂ, ಏರೋಪ್ಲೇನ್ ಚಿಟ್ಟೆ ಹತ್ರತ್ರ ನಿಜ, ಜೇಡ ಸುಳ್ಳು. ಚಿಟ್ಟೆದು ಬೇಗ ಮುಗಿಸ್ತೀನಿ. ಅದರ ಹೆಸ್ರು ಮೆಗಾನ್ಯೂರ, ಫ್ರಾನ್ಸ್‌ನ ಕೊಮಾಂಟ್ರಿ ಅನ್ನೋ ಊರಿನ ಕಲ್ಲಿದ್ದಲು ಗಣಿಲಿ ಸಿಕ್ಕಿದ್ದು, 1885ರಲ್ಲಿ ಶಾರ್ಲ್ ಬ್ರಾನ್ಯಾರ್ ಅದಕ್ಕೆ ಹೆಸರಿಟ್ರು, ಸುಮಾರು 30 ಕೋಟಿ ವರ್ಷ ಹಿಂದಿನದು. ರೆಕ್ಕೆ ಈ ತುದಿಯಿಂದ ಆ ತುದಿಗೆ 65-70 ಸೆಂ.ಮೀ. ಹದ್ದಿನಷ್ಟು ಇಲ್ಲ, ಪಾರಿವಾಳ ರೆಕ್ಕೆ ಬಿಚ್ಚಿದ್ರೆ ಎಷ್ಟಾಗತ್ತೋ ಅಷ್ಟು. ಈಗಿನ ಏರೋಪ್ಲೇನ್ ಚಿಟ್ಟೆಗಳಿಗೆ ಅದು ನೇರ ಅಜ್ಜನೂ ಅಲ್ಲ, ದಾಯಾದಿ ಅನ್ನಬೋದು.

ಜೇಡದ ಕಥೆ ಮಾತ್ರ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ಯಾಕಂದ್ರೆ ನಾನೂ ಅದನ್ನ ಒಂದು ಕಾಲದಲ್ಲಿ ನಂಬಿ ಮಕ್ಕಳಿಗೆ ಪಾಠ ಮಾಡಿದವನೇ. ಅರ್ಜೆಂಟೀನಾದ ಸಾನ್ ಲೂಯಿಸ್ ಕಡೆ ಒಂದು ಪಳೆಯುಳಿಕೆ ಸಿಕ್ತು, ಉಬ್ಬಿದ ದುಂಡನೆ ಮೈ, ಅಕ್ಕಪಕ್ಕ ಒಂದಿಷ್ಟು ಕಾಲು, ಉಳಿದಿದ್ದು ಕಲ್ಲೊಳಗೆ. 1980ರಲ್ಲಿ ಮಾರಿಯೋ ಹ್ಯೂನಿಕೆನ್ ಅನ್ನೋ ವಿಜ್ಞಾನಿ ಎಕ್ಸ್‌ರೇ ಎಲ್ಲ ತೆಗ್ದು ಇದು ಜೇಡಾನೇ ಅಂತ ಹೇಳಿ ಮೆಗರಾಕ್ನೆ ಅಂತ ಹೆಸರಿಟ್ರು, ಅಂದ್ರೆ ದೊಡ್ಡ ಜೇಡ. ಕಾಲು ಚಾಚಿದ್ರೆ ಅರ್ಧ ಮೀಟರ್. ಮ್ಯೂಸಿಯಂಗಳಲ್ಲಿ ಮಾಡೆಲ್ ಮಾಡಿ ಇಟ್ರು, ಎಲ್ಲಾ ಕಡೆ ಫೇಮಸ್ ಆಯ್ತು. ಆಮೇಲೆ ಅದೇ ಜಾಗದಲ್ಲಿ ಇನ್ನೊಂದು ಸಿಕ್ತು ನೋಡಿ, ಆಗ ಬಣ್ಣ ಬಯಲಾಯ್ತು! 2005ರಲ್ಲಿ ಬಂದ ಸಂಶೋಧನಾ ಪೇಪರ್ ಪ್ರಕಾರ ಅದು ಜೇಡ ಅಲ್ವೇ ಅಲ್ಲ, ನೀರಲ್ಲಿ ಬದುಕ್ತಿದ್ದ ಯೂರಿಪ್ಟೆರಿಡ್ ಗುಂಪಿಂದು, ಕಡಲ ಚೇಳು ಅಂತಾರಲ್ಲ ಆ ಜಾತಿ. ನಂಗೆ ಇಷ್ಟ ಆಗೋದೇನಂದ್ರೆ ಆ ಪೇಪರ್ ಬರೆದ ಮೂವರಲ್ಲಿ ಹ್ಯೂನಿಕೆನ್ ಕೂಡ ಒಬ್ರು, 25 ವರ್ಷ ಆದ್ಮೇಲೆ ತಮ್ಮದೇ ತಪ್ಪನ್ನ ತಾವೇ ಸಹಿ ಹಾಕಿ ತಿದ್ದಿದ್ರು. ಹೆಸರು ಬದಲಾಯಿಸೋಕೆ ರೂಲ್ಸ್ ಬಿಡಲ್ಲ, ಹಾಗಾಗಿ ಅದು ಇವತ್ತಿಗೂ ಹೆಸರಲ್ಲಿ ಮಾತ್ರ ದೊಡ್ಡ ಜೇಡ.

ಹಾಗಾದ್ರೆ ಪಳೆಯುಳಿಕೆಗಳಲ್ಲಿ ನಿಜವಾದ ದೊಡ್ಡ ಜೇಡ ಯಾವ್ದು? ಚೀನಾದಲ್ಲಿ ಸಿಕ್ಕ ಮಂಗೋಲರಾಕ್ನೆ, 16 ಕೋಟಿ ವರ್ಷಕ್ಕಿಂತ ಹಳೇದು, ಮೈ ಎರಡೂವರೆ ಸೆಂ.ಮೀ ಅಷ್ಟೇ, ಕಾಲೆಲ್ಲ ಸೇರಿ 15 ಸೆಂ.ಮೀ ಆಸುಪಾಸು. ಈಗ ದಕ್ಷಿಣ ಅಮೆರಿಕದ ಕಾಡಲ್ಲಿರೋ ಗೋಲಿಯಾತ್ ಜೇಡ ಅದರ ಎರಡರಷ್ಟಿದೆ. ಜೇಡಕ್ಕೆ ಹೆದರೋರು ಹಿಂದಿನ ಕಾಲಕ್ಕಿಂತ ಈ ಕಾಲಕ್ಕೇ ಹೆದರಬೇಕು.

ಇನ್ನು ಆಕ್ಸಿಜನ್. ಹುಳಗಳಿಗೆ ಶ್ವಾಸಕೋಶ ಇಲ್ಲ. ಸತ್ತ ಜಿರಲೆ ಒಂದನ್ನ ಪಕ್ಕಕ್ಕೆ ತಿರುಗಿಸಿ ಮೊಬೈಲ್ ಝೂಮ್ ಹಾಕಿ ನೋಡೋಕೆ ಹೇಳಿ, ಪಕ್ಕೆ ಉದ್ದಕ್ಕೂ ಸಣ್ಣ ಸಣ್ಣ ತೂತು, ಒಟ್ಟು 10 ಜೊತೆ. ಅಲ್ಲಿಂದ ಒಳಗೆ ಕೊಳವೆಗಳು ಕವಲೊಡೀತಾ ಹೋಗಿ ಗಾಳಿನ ನೇರ ಮಾಂಸಕ್ಕೇ ಮುಟ್ಟಿಸ್ತವೆ. ಮೈ ದೊಡ್ಡದಾದಷ್ಟೂ ಕೊಳವೆಗೇ ಜಾಗ ಹೋಗ್ತಾ ಹೋಗತ್ತೆ, ಅಲ್ಲಿಗೆ ಬೆಳವಣಿಗೆಗೆ ಬ್ರೇಕು. ಗಾಳಿಲಿ ಆಕ್ಸಿಜನ್ ಜಾಸ್ತಿ ಇದ್ರೆ ಸಣ್ಣ ಕೊಳವೆನೇ ಸಾಕು, ಮೈ ಇನ್ನೂ ಬೆಳೀಬೋದು ಅನ್ನೋದು ವಾದ. ಈಗ ಗಾಳಿಲಿ ಆಕ್ಸಿಜನ್ 21 ಪರ್ಸೆಂಟು, ಮೆಗಾನ್ಯೂರ ಇದ್ದ ಕಾಲದಲ್ಲಿ 30 ದಾಟಿತ್ತು ಅಂತ ಲೆಕ್ಕ. ಜೌಗು ಕಾಡಿನ ಮರಗಳು ಕೊಳೆಯದೇ ಹೂತುಹೋಗಿ ಕಲ್ಲಿದ್ದಲಾದ್ವು, ಅದಕ್ಕೇ ಆಕ್ಸಿಜನ್ ಗಾಳಿಲೇ ಉಳೀತು.

ಆದ್ರೆ ಇದೊಂದೇ ಕಾರಣ ಅಂದ್ರೆ ನಾನು ಒಪ್ಪಲ್ಲ. 2018ರ ಜನವರಿಲಿ ಇಂಗ್ಲೆಂಡಿನ ನಾರ್ಥಂಬರ್ಲೆಂಡ್ ಕಡಲ ತೀರದಲ್ಲಿ ಮೇಲಿಂದ ಬಿದ್ದು ಸೀಳಿದ್ದ ಮರಳುಗಲ್ಲಿನ ಬಂಡೆಯೊಳಗೆ ಆರ್ತ್ರೋಪ್ಲೂರ ಸಿಕ್ತು, ನಮ್ಮ ಚೋರಟೆ, ಸಹಸ್ರಪದಿ ಅಂತೀವಲ್ಲ ಅದರ ಸಂಬಂಧಿ. ಸಿಕ್ಕ ತುಂಡೇ 76 ಸೆಂ.ಮೀ, ಪೂರ್ತಿ ಪ್ರಾಣಿ ಎರಡೂವರೆ ಮೀಟರ್ ಮೇಲಿತ್ತು, ತೂಕ ಒಂದು ಸಿಮೆಂಟ್ ಮೂಟೆಯಷ್ಟು, 50 ಕೆ.ಜಿ ಅಂತ ಅಂದಾಜು. ಅದರ ವಯಸ್ಸು 32.6 ಕೋಟಿ ವರ್ಷ, ಆಗಿನ್ನೂ ಆಕ್ಸಿಜನ್ ಅಷ್ಟು ಏರಿರಲೇ ಇಲ್ಲ! ತಿನ್ನೋಕೆ ಯಥೇಚ್ಛ ಇತ್ತು, ಪೈಪೋಟಿಗೆ ಯಾರೂ ಇರ್ಲಿಲ್ಲ, ಬೆಳೀತು. ಉಲ್ಟಾ ಕೇಸೂ ಇದೆ, 2012ರಲ್ಲಿ ಕ್ಯಾಲಿಫೋರ್ನಿಯಾದವರು ಹತ್ತು ಸಾವಿರಕ್ಕೂ ಹೆಚ್ಚು ರೆಕ್ಕೆ ಪಳೆಯುಳಿಕೆ ಅಳೆದು ನೋಡಿದಾಗ, ಸುಮಾರು 15 ಕೋಟಿ ವರ್ಷ ಹಿಂದೆ ಹಕ್ಕಿಗಳು ಬಂದ್ಮೇಲೆ ಆಕ್ಸಿಜನ್ ಏರಿದ್ರೂ ಹುಳಗಳು ದೊಡ್ಡವಾಗ್ಲಿಲ್ಲ. ದೊಡ್ಡದಾಗಿ ನಿಧಾನಕ್ಕೆ ಹಾರೋ ಹುಳ ಹಕ್ಕಿ ಬಾಯಿಗೆ ತುತ್ತು ತಾನೆ.

ಮಗನ ಜಿರಲೆ ಪ್ರಯೋಗಾನ ಅರಿಜೋನಾದಲ್ಲಿ ಮಾಡೇ ಬಿಟ್ಟಿದಾರೆ. 31 ಪರ್ಸೆಂಟ್ ಆಕ್ಸಿಜನ್‌ನಲ್ಲಿ ಸಾಕಿದ್ರೆ ಏರೋಪ್ಲೇನ್ ಚಿಟ್ಟೆ ಸುಮಾರು 15 ಪರ್ಸೆಂಟ್ ದೊಡ್ಡದಾಯ್ತು. ಜಿರಲೆ ಆಗ್ಲಿಲ್ಲ, ಬೆಳೆಯೋಕೆ ಇನ್ನೂ ಜಾಸ್ತಿ ಟೈಮ್ ತಗೊಂಡು ಅದೇ ಸೈಜಿಗೆ ನಿಂತ್ಕೊಂಡ್ತು, ಒಳಗಿನ ಕೊಳವೆ ಮಾತ್ರ ಸಣ್ಣ ಆಯ್ತು.

ಪ್ರಶ್ನೆ: ಇವೆಲ್ಲಾ ಫಾರಿನ್‌ದೇ ಆಯ್ತು, ನಮ್ ದೇಶದಲ್ಲಿ ಏನೂ ಸಿಕ್ಕಿಲ್ವಾ? (ಸೂರತ್‌ನಲ್ಲಿರೋ ಕನ್ನಡಿಗರು)

ಉತ್ತರ: ನಿಮ್ ಪಕ್ಕದಲ್ಲೇ ಸಿಕ್ಕಿದೆಯಲ್ಲ ಸಾರ್! ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಲಿ, 5 ಕೋಟಿ ವರ್ಷ ಹಳೇ ಅಂಬರ್, ಅಂದ್ರೆ ಗಟ್ಟಿಯಾದ ಮರದ ಅಂಟು. ಅದ್ರೊಳಗೆ ಇರುವೆ, ನೊಣ, ಜೇಡ ಅಂತ 2010ರ ಹೊತ್ತಿಗೇ 700ಕ್ಕೂ ಹೆಚ್ಚು ಜೀವಿಗಳು ಸಿಕ್ಕಿದ್ವು. ಈ ಅಂಬರ್ ಬೇರೆ ಕಡೆದಷ್ಟು ಗಟ್ಟಿ ಆಗಿಲ್ಲ, ಟಾಲ್ವಿನ್ ಥರದ ದ್ರಾವಕದಲ್ಲಿ ಕರಗತ್ತೆ, ಹಾಗಾಗಿ ಹುಳಾನ ಹಾಗೇ ಇಡಿಯಾಗಿ ಹೊರಗೆ ತೆಗೆಯಬೋದು, ಬೇರೆ ಕಡೆ ಅಂಬರ್‌ನಲ್ಲಿ ಇದು ತುಂಬಾ ಕಷ್ಟ. ಅಂಟು ಸುರಿಸಿದ ಮರ ನಮ್ಮ ಘಟ್ಟದ ಧೂಪದ ಮರದ ಕುಟುಂಬದ್ದೇ. ಊರಿಗೆ ಬಂದಾಗ ಸಾಲುಧೂಪದ ಕಾಂಡದ ಮೇಲೆ ಒಸರಿರೋ ಅಂಟು ಹುಡುಕಿ, ಇವತ್ತಿನ ಇರುವೆ ಅದರಲ್ಲಿ ಅಂಟ್ಕೊಂಡಿರೋದು ಕಣ್ಣಿಗೆ ಬಿದ್ರೂ ಬೀಳಬೋದು.