ವಾಹನ ಸಲಹೆ: ದಿನನಿತ್ಯಕ್ಕೆ ಟರ್ಬೊ ಸೆಡಾನ್, ಮೊದಲು ಗೇರ್‌ಬಾಕ್ಸ್ ನೋಡಿ

ಪ್ರಶ್ನೆ: ದಿನಾ ಹೆಬ್ಬಾಳದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುತ್ತೇನೆ. ಆಗಾಗ ಶಿರಾಡಿ ಘಾಟಿ ಇಳಿದು ಮಂಗಳೂರಿಗೂ ಹೋಗುವುದುಂಟು. ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ 1.5 ಡಿಎಸ್‌ಜಿ, ಹ್ಯುಂಡೈ ವೆರ್ನಾ 1.5 ಟರ್ಬೊ ಡಿಸಿಟಿ, ಎರಡರಲ್ಲಿ ಯಾವುದು ವಾಸಿ? (ಬೆಂಗಳೂರು)

ಉತ್ತರ: ಎಂಜಿನ್ ಲೆಕ್ಕದಲ್ಲಿ ಇಬ್ಬರೂ ಸರಿಸಮ. ವರ್ಟಸ್‌ಗೆ 150 ಪಿಎಸ್ (ಶಕ್ತಿ), 250 ಎನ್‌ಎಂ (ಎಳೆತ, ಅಂದರೆ ಟಾರ್ಕ್). ವೆರ್ನಾಕ್ಕೆ 160 ಪಿಎಸ್, 253 ಎನ್‌ಎಂ. ಈ ವ್ಯತ್ಯಾಸ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್‌ನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ನೀವು ಯೋಚಿಸಬೇಕಾದ್ದು ಕ್ಲಚ್ ಬಗ್ಗೆ.

ಡಿಎಸ್‌ಜಿ, ಡಿಸಿಟಿ ಎರಡೂ ಜೋಡಿ ಕ್ಲಚ್ಚಿನ ಗೇರ್‌ಬಾಕ್ಸ್‌ನ ಹೆಸರೇ. ಎರಡರಲ್ಲೂ ಇರುವುದು 7 ಗೇರಿನ ಡ್ರೈ ಕ್ಲಚ್ ಆಟೊಮ್ಯಾಟಿಕ್. ಕ್ಲಚ್ ಪ್ಲೇಟುಗಳಿಗೆ ಎಣ್ಣೆಯ ತಂಪಿಲ್ಲ, ಗಾಳಿಯೇ ಗತಿ. ಗಂಟೆಗೆ 4–5 ಕಿ.ಮೀ. ವೇಗದಲ್ಲಿ ತೆವಳುವಾಗ ಕ್ಲಚ್ ಪೂರ್ತಿ ಕೂರುವುದೂ ಇಲ್ಲ, ಪೂರ್ತಿ ಬಿಡುವುದೂ ಇಲ್ಲ. ಜಾರುತ್ತಲೇ ಇದ್ದು ಕಾಯುತ್ತದೆ. ಮೊದಲಿಗೆ 1ರಿಂದ 2ಕ್ಕೆ ಬೀಳುವಾಗ ಅದುರು, ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ ಗೇರ್‌ಬಾಕ್ಸ್ ಬಿಸಿಯಾಗಿದೆ ಎಂಬ ಎಚ್ಚರಿಕೆ. ಹೀಗಾಗದಿರಲು ಮುಂದಿನ ಗಾಡಿ ಒಂದೆರಡು ಕಾರಿನಷ್ಟು ದೂರ ಹೋಗುವವರೆಗೆ ಬ್ರೇಕ್ ಒತ್ತಿಯೇ ನಿಂತು, ಆಮೇಲೆ ಒಂದೇ ಸಲಕ್ಕೆ ಹೊರಡಬೇಕು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರನ್ನು ತಡೆದು ನಿಲ್ಲಿಸುವುದಂತೂ ಬೇಡವೇ ಬೇಡ. (ಹಾಗೆ ಜಾಗ ಬಿಟ್ಟರೆ ಆಟೊ ನುಗ್ಗುತ್ತದೆ, ನಿಜ. ನುಗ್ಗಲಿ.)

ನಿಮ್ಮ ದಾರಿ ಕೇಳಿದರೆ ನಮ್ಮ ಮತ 1.5 ಎಂಜಿನ್, 6 ಗೇರಿನ ಮ್ಯಾನ್ಯುಯಲ್‌ಗೆ. ಎರಡೂ ಕಾರಿನಲ್ಲಿ ಸಿಗುತ್ತದೆ. ಎಡಗಾಲಿಗೆ ಕೆಲಸವೇ ಬೇಡವೆಂದರೆ ವರ್ಟಸ್ 1.0 ಟಿಎಸ್‌ಐ ನೋಡಿ: 115 ಪಿಎಸ್, 178 ಎನ್‌ಎಂ, 6 ಗೇರಿನ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್. ಇದರಲ್ಲಿ ಜಾರುವ ಕೆಲಸವನ್ನು ಎಣ್ಣೆ ಮಾಡುವುದರಿಂದ ತೆವಳಾಟ ಲೆಕ್ಕಕ್ಕೇ ಇಲ್ಲ. ಆದರೆ ಐದು ಜನ, ಲಗೇಜು ಹೇರಿಕೊಂಡು ಘಾಟಿ ಹತ್ತುವಾಗ 1,800 ಆರ್‌ಪಿಎಂ ಕೆಳಗೆ ಇಳಿಯಬಿಟ್ಟರೆ ಟರ್ಬೊ ಮಲಗಿಬಿಡುತ್ತದೆ. ತಿರುವಿಗೆ ಮೊದಲೇ ಒಂದು ಗೇರ್ ಇಳಿಸಿಕೊಳ್ಳಿ.

ಡಿಎಸ್‌ಜಿಯೇ ಬೇಕೆಂಬ ಹಟವಿದ್ದರೆ ಭಾನುವಾರ ಬೆಳಿಗ್ಗೆ ಟೆಸ್ಟ್ ಡ್ರೈವ್ ಮಾಡಬೇಡಿ. ವಾರದ ದಿನ ಸಂಜೆ ಆರೂವರೆಗೆ ಕೇಳಿ ತೆಗೆದುಕೊಳ್ಳಿ. ಅರ್ಧ ಗಂಟೆ ಟ್ರಾಫಿಕ್‌ನಲ್ಲಿ ಬಿಸಿಯಾದ ಮೇಲೆ ಬೇಸ್‌ಮೆಂಟಿನ ರ‍್ಯಾಂಪ್ ಮೇಲೆ ಹಿಮ್ಮುಖವಾಗಿ ಹತ್ತಿಸಿ. ಅದುರಿದರೆ, ಸುಟ್ಟ ವಾಸನೆ ಬಂದರೆ ಉತ್ತರ ಅಲ್ಲೇ ಸಿಕ್ಕಿತು. ಕೊಂಡರೆ ವಾರಂಟಿ ಮುಗಿಯುವ ಮುನ್ನವೇ ಎಕ್ಸ್‌ಟೆಂಡೆಡ್ ವಾರಂಟಿ ಕಟ್ಟಿ. ಈ ಗೇರ್‌ಬಾಕ್ಸಿನ ಮೆಕಾಟ್ರಾನಿಕ್ ಘಟಕ (ಕ್ಲಚ್, ಗೇರ್‌ಗಳನ್ನು ನಡೆಸುವ ಭಾಗ) ಕೈಕೊಟ್ಟರೆ ಬಿಲ್ಲು ಲಕ್ಷಗಳಲ್ಲಿ ಮಾತಾಡುತ್ತದೆ.

ಡಿಕ್ಕಿ 521 ಲೀಟರೋ 528 ಲೀಟರೋ ಎಂಬ ಹೋಲಿಕೆ ಬಿಟ್ಟುಬಿಡಿ. 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಸುರಕ್ಷತೆ ಪರೀಕ್ಷೆಯಲ್ಲಿ ಎರಡಕ್ಕೂ 5 ಸ್ಟಾರ್ ಸಿಕ್ಕಿದೆ. ವೆರ್ನಾದ ಸ್ಟೀರಿಂಗ್ ಹಗುರ, ಸಣ್ಣ ಗುಂಡಿಗಳನ್ನು ಮೆತ್ತಗೆ ದಾಟುತ್ತದೆ. ವರ್ಟಸ್ ನಿಧಾನದಲ್ಲಿ ಸ್ವಲ್ಪ ಗಟ್ಟಿ, ವೇಗದಲ್ಲಿ ನೆಲ ಕಚ್ಚಿಕೊಂಡು ಹೋಗುತ್ತದೆ. ಘಾಟಿಯ ಮಜಾ ಬೇಕಾದವರಿಗೆ ವರ್ಟಸ್.

ಪ್ರಶ್ನೆ: ಟರ್ಬೊ ಎಂಜಿನ್‌ಗೆ 100 ಆಕ್ಟೇನ್ ಪೆಟ್ರೋಲ್ ಹಾಕಿದರೆ ಪಿಕಪ್ ಹೆಚ್ಚುತ್ತದೆಯೇ? ಇ20ಯಿಂದ ಮೈಲೇಜ್ ಎಷ್ಟು ಬೀಳುತ್ತದೆ? (ದಾವಣಗೆರೆ)

ಉತ್ತರ: ಹೆಚ್ಚುವುದಿಲ್ಲ. ಈ ಎಂಜಿನ್‌ಗಳನ್ನು ಬಂಕಿನ ಸಾಮಾನ್ಯ ಪೆಟ್ರೋಲಿಗೇ ಹೊಂದಿಸಿರುತ್ತಾರೆ. ನಾಕ್ (ಇಂಧನ ತಾನಾಗಿ ಹೊತ್ತಿ ಎಂಜಿನ್ ಬಡಿಯುವುದು) ಶುರುವಾದರೆ ಸೆನ್ಸರ್ ಗುರುತಿಸುತ್ತದೆ, ಎಂಜಿನ್ ಕಂಪ್ಯೂಟರ್ ಇಗ್ನಿಷನ್ ಕಿಡಿಯನ್ನು ತಡಮಾಡುತ್ತದೆ. 100 ಆಕ್ಟೇನ್ ದುಡ್ಡನ್ನು ಒಳ್ಳೆಯ ಟೈರಿಗೆ ಎತ್ತಿಡಿ. ಎಥೆನಾಲ್‌ನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ಹಾಗಾಗಿ ಇ20ರಲ್ಲಿ, ಅಂದರೆ ಶೇ 20 ಎಥೆನಾಲ್ ಬೆರಕೆಯಲ್ಲಿ, ಲೀಟರಿನ ಶಕ್ತಿ ಶೇ 6–7ರಷ್ಟು ತಗ್ಗುತ್ತದೆ. ಹಳೆಯ ಕಾರು ಕೊಳ್ಳುವವರು ಪೆಟ್ರೋಲ್ ಮುಚ್ಚಳದ ಒಳಗಿನ ಸ್ಟಿಕ್ಕರ್ ಓದಿ, ಇ10 ಎಂದಿದೆಯೋ ಇ20 ಎಂದಿದೆಯೋ ನೋಡಿಕೊಳ್ಳಿ.

ಪ್ರಶ್ನೆ: ಸ್ಕೋಡಾ ಸ್ಲಾವಿಯಾ 1.5 ಡಿಎಸ್‌ಜಿ ಇದೆ. ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾವಣೆ) ಮಾಡಿಸಿ, 17 ಇಂಚಿನ ಚಕ್ರ ಹಾಕಿಸಬೇಕೆಂದಿದ್ದೇನೆ. (ಹುಬ್ಬಳ್ಳಿ)

ಉತ್ತರ: ನಿಮ್ಮ ಡಿಕ್ಯೂ200 (ಮೇಲೆ ಹೇಳಿದ ಡ್ರೈ ಕ್ಲಚ್ ಡಿಎಸ್‌ಜಿ) ಗೇರ್‌ಬಾಕ್ಸ್ ಹೊರುವಂತೆ ಮಾಡಿರುವುದು 250 ಎನ್‌ಎಂ. ಕಂಪನಿಯಿಂದ ಬಂದ ಎಂಜಿನ್ನೇ ಅಷ್ಟೂ ಕೊಡುತ್ತಿದೆ. ರೀಮ್ಯಾಪ್ ಅದರ ಮೇಲೆ ಸೇರಿಸುವುದೆಲ್ಲ ಕ್ಲಚ್ ಮೇಲೇ ಬೀಳುತ್ತದೆ. ವಾರಂಟಿ ಹೋಗುತ್ತದೆ, ವಿಮೆ ಕಂಪನಿಗೆ ತಿಳಿಸದಿದ್ದರೆ ಕ್ಲೇಮ್ ಹೊತ್ತಿನಲ್ಲಿ ತಕರಾರು. ಬೇಡ.

ಚಕ್ರದ ವಿಷಯ: ಈಗಿನ 205/55 ಆರ್16 ಟೈರಿನ ಗೋಡೆ 113 ಮಿ.ಮೀ. ಎತ್ತರ. 215/45 ಆರ್17 ಹಾಕಿದರೆ ಹೊರವ್ಯಾಸ ಶೇ 1ರಷ್ಟೇ ಇಳಿಯುತ್ತದೆ, ಆದರೆ ಗೋಡೆ 97 ಮಿ.ಮೀ.ಗೆ ಬರುತ್ತದೆ. ಆ 16 ಮಿ.ಮೀ. ಹೋದರೆ ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಯ ಪೆಟ್ಟು ನೇರ ರಿಮ್ಮಿಗೆ. 16 ಇಂಚಿನಲ್ಲೇ ಇದ್ದು, ಮೆತ್ತನೆ ರಬ್ಬರಿನ ಒಳ್ಳೆಯ ಟೈರ್ ಹಾಕಿಸಿ. ಬ್ರೇಕ್ ಹಿಡಿತದಲ್ಲಿ ಅದೇ ಹೆಚ್ಚು ಕಾಣುತ್ತದೆ.

ಪ್ರಶ್ನೆ: 2017ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಸೆಕೆಂಡ್‌ಹ್ಯಾಂಡ್‌ಗೆ ಬಂದಿದೆ. ದಿನಾ ಓಡಿಸಬಹುದೇ? (ಮೈಸೂರು)

ಉತ್ತರ: 230 ಪಿಎಸ್, 350 ಎನ್‌ಎಂ, ಗೇರ್‌ಬಾಕ್ಸ್ 6 ಗೇರಿನ ಡಿಎಸ್‌ಜಿ, ಇದು ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿನದು. ತೆವಳಾಟವನ್ನು ಡಿಕ್ಯೂ200ಗಿಂತ ಚೆನ್ನಾಗಿ ತಾಳುತ್ತದೆ. ಆದರೆ 60,000 ಕಿ.ಮೀ.ಗೊಮ್ಮೆ ಗೇರ್‌ಬಾಕ್ಸ್ ಎಣ್ಣೆ ಮತ್ತು ಫಿಲ್ಟರ್ ಬದಲಾಗಿರಲೇಬೇಕು. ಬಾಯಿಮಾತು ಬೇಡ, ಬಿಲ್ಲು ಕೇಳಿ. ಬಿಲ್ಲಿಲ್ಲದಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ.

ಆಮೇಲೆ ತಣ್ಣಗಿರುವ ಎಂಜಿನ್ನಿನ ಬಾನೆಟ್ ಎತ್ತಿ, ಟಾರ್ಚ್ ಹಾಕಿ ಇನ್‌ಟೇಕ್ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಹಂಚುವ ಕೊಳವೆ) ಕೆಳಗೆ ನೋಡಿ. ಒಣಗಿದ ಗುಲಾಬಿ ಕಲೆ ಕಂಡರೆ ವಾಟರ್‌ಪಂಪ್–ಥರ್ಮೋಸ್ಟಾಟ್‌ನ ಪ್ಲಾಸ್ಟಿಕ್ ಕವಚದಿಂದ ಕೂಲಂಟ್ ಸೋರುತ್ತಿದೆ. ಈ ಎಂಜಿನ್ ಕುಟುಂಬದ ಪರಿಚಿತ ಕಾಯಿಲೆ ಇದು. ಸೋರಿಕೆ ಗಮನಿಸದೆ ಓಡಿಸಿದ ಕಾರು ಕಾದು ಎಂಜಿನ್ನಿನ ಸಿಲಿಂಡರ್ ಹೆಡ್ ಬಾಗಿರುವ ಸಂಭವವೂ ಉಂಟು. ಬೆಳಿಗ್ಗೆ ಮೊದಲ ಸ್ಟಾರ್ಟಿನ ಸದ್ದು ಕೇಳಿ. ಮಾಲೀಕರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬನ್ನಿ. ಸ್ಕ್ಯಾನರ್ ಹಾಕಿಸಿ ಹಳೆಯ ದೋಷಗಳನ್ನು ಓದಿಸಿ, ರೀಮ್ಯಾಪ್ ಆಗಿದೆಯೇ ಎಂದೂ ನೋಡಿಸಿ. ಕಾರು ತಗ್ಗು. ನಿಮ್ಮ ಬೀದಿಯ ಹಂಪ್‌ಗಳ ಮೇಲೆ ನಾಲ್ಕು ಜನರನ್ನು ಕೂರಿಸಿಯೇ ದಾಟಿಸಿ ನೋಡಿ, ಮುಂಗಡ ಆಮೇಲೆ ಕೊಡಿ.